ಕೊನೆಯ ಬೆಂಚಿನ ಕಂಡೆನ್ಸರ್

ಮೊನ್ನೆ ಭಾನುವಾರ ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯ ಮುಚ್ಚಳ ತೆಗೆದೆ. ತೆಗೆದೆ ಎಂದರೆ ಸುಲಭವಾಗಿ ಬಂತು ಎಂದುಕೊಳ್ಳಬೇಡಿ. ತುಕ್ಕು ಹಿಡಿದ ಮುಚ್ಚಳ. ಸ್ಕ್ರೂಡ್ರೈವರಿನಿಂದ ಸುತ್ತಲೂ ಮೀಟಿ, ಎರಡು ಸಲ ಬೈದು, ಕೊನೆಗೆ ಮೊಣಕಾಲುಗಳ ನಡುವೆ ಇಟ್ಟು ಎಳೆದಾಗ ಬಂತು. ಜೊತೆಗೆ ಒಂದು ವಾಸನೆಯೂ ಬಂತು: ಮೇಣ, ರಾಳ, ಸ್ವಲ್ಪ ಒಲೆಯ ಹೊಗೆ. ಕಿವಿ ಮಂದವಾದ ಈ ವಯಸ್ಸಿನಲ್ಲಿ ಮೂಗು ಮಾತ್ರ ಇನ್ನೂ ನನ್ನ ಮಾತು ಕೇಳುತ್ತಿದೆ.

ಡಬ್ಬಿ ತೆಗೆಯಲು ಕಾರಣ ಮಾನಸ. ನನ್ನ ಅಣ್ಣನ ಮೊಮ್ಮಗಳು, ಇಲ್ಲೇ ಸಾಗರದಲ್ಲಿ ಬ್ಯಾಂಕಿನ ಕೆಲಸ, ಸಂಜೆಯಾದರೆ ಗಿಟಾರು. ಗಿಟಾರಿನ ದನಿಯನ್ನು ಬೇಕೆಂದೇ ಒರಟು ಮಾಡುವ ಪೆಟ್ಟಿಗೆಯೊಂದನ್ನು ಈಗ ಕೈಯಾರೆ ಕಟ್ಟುತ್ತಿದ್ದಾಳೆ. ದನಿಯಲ್ಲಿರುವ ಗರಗರ ತೆಗೆಯುವುದರಲ್ಲೇ ನಮ್ಮ ಆಯುಷ್ಯ ಕಳೆಯಿತು. ಇವಳು ಅದೇ ಗರಗರವನ್ನು ಸೇರಿಸಲು ರಜೆ ಹಾಕುತ್ತಾಳೆ! ಇರಲಿ. ಆ ಭಾನುವಾರ ನಮ್ಮ ಮನೆಯ ಮೇಜಿನ ಮೇಲೆ ಸಾಮಾನು ಹರಡಿಕೊಂಡು ಕೇಳಿದಳು: "ಚಿಕ್ಕಜ್ಜ, ಇಲ್ಲಿಗೆ ಯಾವ ಕೆಪ್ಯಾಸಿಟರ್ ಹಾಕ್ಲಿ? ಫಿಲ್ಮಾ, ಸೆರಾಮಿಕ್ಕಾ? ಇಂಟರ್ನೆಟ್ಟಲ್ಲಿ ಒಬ್ಬೊಬ್ರು ಒಂದೊಂದು ಹೇಳ್ತಾರೆ." ನಾನು ಉತ್ತರ ಕೊಡುವ ಮೊದಲೇ ಅವಳೇ ಮುಂದುವರಿಸಿದಳು: "ನಿಮ್ಗೆ ಗೊತ್ತಿರತ್ತೆ ಬಿಡಿ. ಅಜ್ಜಿಯ ಮೈಕಿಗೆ ಆರಿಸಿದ್ದು ನೀವೇ ಅಲ್ವಾ?"

ನಾನು "ಹೂಂ" ಎಂದೆ. ಎಂದವನು ಡಬ್ಬಿ ಹುಡುಕಲು ಎದ್ದುಹೋದೆ. ಆ "ಹೂಂ" ಎಂಬುದರ ಕಥೆಯನ್ನೇ ನಿಮಗೆ ಹೇಳಬೇಕಾಗಿದೆ.

ನಮ್ಮ ಕಾಲದಲ್ಲಿ ಇದಕ್ಕೆ ಕೆಪ್ಯಾಸಿಟರ್ ಎನ್ನುತ್ತಿರಲಿಲ್ಲ, ಕಂಡೆನ್ಸರ್ ಎನ್ನುತ್ತಿದ್ದೆವು. ಎರಡು ತೆಳು ಲೋಹದ ಹಾಳೆ, ಅವು ಒಂದಕ್ಕೊಂದು ತಾಗದ ಹಾಗೆ ನಡುವೆ ಏನಾದರೂ ಒಂದು ಅಡ್ಡ, ಇಷ್ಟೇ. ಅಡ್ಡಕ್ಕೆ ಕಾಗದ ಇಟ್ಟರೆ ಕಾಗದದ ಕಂಡೆನ್ಸರ್, ಕಾಗೆಬಂಗಾರ ಇಟ್ಟರೆ ಮೈಕಾ ಕಂಡೆನ್ಸರ್. ರೇಡಿಯೋದೊಳಗೆ ಇದಕ್ಕೆ ಬಾಗಿಲು ಕಾಯುವ ಕೆಲಸ. ಬ್ಯಾಟರಿಯಿಂದ ಸುಮ್ಮನೆ ಹರಿದು ಬರುವ ಕರೆಂಟನ್ನು ತಡೆಯುತ್ತದೆ, ನಡುಗುತ್ತ ಬರುವ ದನಿಯನ್ನು ಒಳಗೆ ಬಿಡುತ್ತದೆ. ದೊಡ್ಡ ಕಂಡೆನ್ಸರಾದರೆ ಮೃದಂಗದಂಥ ಭಾರದ ದನಿಯೂ ದಾಟುತ್ತದೆ, ಚಿಕ್ಕದಾದರೆ ಚೂಪು ದನಿ ಮಾತ್ರ. ಇಷ್ಟು ತಿಳಿದರೆ ನನ್ನ ಕಥೆಗೆ ಸಾಕು. ಆಗ ನನಗೆ ಗೊತ್ತಿದ್ದದ್ದೂ ಹೆಚ್ಚು ಕಡಿಮೆ ಇಷ್ಟೇ. ಆದರೆ ಅಲ್ಪವಿದ್ಯಾ ಮಹಾಗರ್ವಿ ಎನ್ನುತ್ತಾರಲ್ಲ, ಸಾಗರದ ಒಂದು ರೇಡಿಯೋ ರಿಪೇರಿ ಅಂಗಡಿಯಲ್ಲಿ ಎರಡು ವರ್ಷ ಕೂತಿದ್ದೆ, ಇಪ್ಪತ್ತಮೂರು ವಯಸ್ಸು, ಅಂಗಿಯ ಜೇಬಿನಲ್ಲಿ ಜನರಿಗೆ ಕಾಣುವ ಹಾಗೆ ಟೆಸ್ಟರ್ ಸಿಕ್ಕಿಸಿಕೊಂಡು ಓಡಾಡುತ್ತಿದ್ದೆ.

ಅರವತ್ತರ ದಶಕದ ಕೊನೆಯ ಮಾತು. ಅಮ್ಮ, ಅಣ್ಣ, ಅತ್ತಿಗೆ ಹೊಸನಗರದಲ್ಲಿದ್ದರು. ಅಣ್ಣ ಬಸ್ಸಿನ ಕಂಡಕ್ಟರ್. ಅತ್ತಿಗೆ ಅಲ್ಲಿನ ಶಾಲೆಯಲ್ಲಿ ಟೀಚರು. ಗೇಣಿ ಗದ್ದೆ ಮಾಡುವ ಮನೆಯಲ್ಲಿ ಹುಟ್ಟಿ, ಹಟ ಮಾಡಿ ಓದಿ, ಟ್ರೇನಿಂಗು ಮುಗಿಸಿ ಬಂದವರು. ಅವರ ಗಂಟಲಿನ ಖ್ಯಾತಿ ನಿಮಗೆ ಹೇಳಬೇಕು. ಗದ್ದೆಯ ಈ ಅಂಚಿನಿಂದ ಆ ಅಂಚಿಗೆ ಊಟಕ್ಕೆ ಕರೆದು ಬೆಳೆದ ಗಂಟಲು. ಅವರು ಮಗ್ಗಿ ಹೇಳಿಕೊಡುವಾಗ ಪಕ್ಕದ ಕೋಣೆಯ ಮಕ್ಕಳೂ ಕಲಿತುಬಿಡುತ್ತಿದ್ದರು ಎಂದು ಅಣ್ಣ ಹೇಳುತ್ತಿದ್ದ. ಅಣ್ಣ ಹೇಳಿದ್ದರಲ್ಲಿ ಅರ್ಧ ಕಳೆದರೂ ದೊಡ್ಡ ದನಿಯೇ.

ಆ ಗಂಟಲಿನಲ್ಲಿ ಒಂದು ಗಡ್ಡೆ ಎದ್ದಿತು. ದೊಡ್ಡ ಆಸ್ಪತ್ರೆಗೆ ಹೋಗಿ ತೆಗೆಸಿದರು. ಜೀವಕ್ಕೇನೂ ಆಗಲಿಲ್ಲ, ದನಿ ಮಾತ್ರ ಹೋಯಿತು. ಉಳಿದದ್ದು ಪಿಸುಮಾತು. ಎದುರು ಕೂತವರಿಗೆ ಕೇಳುತ್ತಿತ್ತು, ಜಗಲಿಯಲ್ಲಿ ಕೂತವರಿಗೆ ಇಲ್ಲ. ಬೇಸಗೆ ರಜೆಯಲ್ಲಿ ಹೆಡ್‌ಮಾಸ್ಟರು ಮನೆಗೆ ಬಂದರು. ಒಳ್ಳೆಯ ಮನುಷ್ಯ. ಕಾಫಿ ಆರುವವರೆಗೂ ಲೋಟ ಹಿಡಿದುಕೊಂಡೇ ಕೂತಿದ್ದು, ಕೊನೆಗೆ ಹೇಳಿದರು: "ನೋಡೀಮ್ಮಾ, ನಂಗೇನೂ ನಿಮ್ಮನ್ನ ಕಳ್ಸೋ ಮನಸಿಲ್ಲ. ಆದ್ರೆ ಕೊನೇ ಬೆಂಚಿನ ಮಕ್ಳಿಗೂ ಪಾಠ ಕೇಳ್ಬೇಕಲ್ಲ. ಶಾಲೆ ಶುರುವಾದ ದಿನ ನಾನೇ ಹಿಂದೆ ಕೂತ್ಕೊಳ್ತೀನಿ. ಕೇಳಿದ್ರೆ ಆಯ್ತು. ಕೇಳ್ದೇ ಹೋದ್ರೆ ನೀವೇ ಬಿಡ್ತೀನಿ ಅಂತ ಒಂದು ಕಾಗದ ಬರ್ಕೊಡಿ."

ಅತ್ತಿಗೆ "ಕೇಳತ್ತೆ" ಎಂದರು. ಹೆಡ್‌ಮಾಸ್ಟರಿಗೆ ಅದೂ ಕೇಳಲಿಲ್ಲ. ಅಮ್ಮ ಜೋರಾಗಿ ತಿಳಿಸಬೇಕಾಯಿತು.

ಶನಿವಾರ ನಾನು ಬಸ್ಸಿಳಿದು ಮನೆಗೆ ಹೋದಾಗ ಈ ಸುದ್ದಿ. "ಹೇಗೆ ಕೇಳತ್ತೆ ಅತ್ತಿಗೆ?" ಎಂದು ಕೇಳಿದೆ. "ಅದು ನಿನ್ನ ಕೆಲ್ಸ ಮಾರಾಯ," ಎಂದರು. "ರೇಡಿಯೋದೋರು ದಿಲ್ಲೀಲಿ ಮಾತಾಡಿದ್ದು ಹೊಸನಗರಕ್ಕೆ ಕೇಳಿಸ್ತೀಯಂತೆ. ನಾನು ಮಾತಾಡಿದ್ದು ನಾಲ್ಕು ಬೆಂಚಿನಾಚೆ ಕೇಳ್ಸಕ್ಕಾಗಲ್ವಾ?" ಅವರ ಕಣ್ಣಿನಲ್ಲಿ ನೀರಿರಲಿಲ್ಲ. ಕಾಗದ ಬರೆದುಕೊಡುವ ಯೋಚನೆಯೇ ಅವರಿಗೆ ಇರಲಿಲ್ಲ.

ಶಾಲೆಗೆ ಆಗ ಕರೆಂಟಿರಲಿಲ್ಲ. ಅಂಗಡಿಯಲ್ಲಿ ಸತ್ತು ಬಿದ್ದಿದ್ದ ಒಂದು ಬ್ಯಾಟರಿ ರೇಡಿಯೋವನ್ನು ಯಜಮಾನರಿಂದ ಬೇಡಿ ತಂದೆ. ಸ್ಟೇಷನ್ ಹಿಡಿಯುವ ಅರ್ಧ ಸತ್ತಿತ್ತು, ದನಿ ದೊಡ್ಡದು ಮಾಡುವ ಅರ್ಧ ಬದುಕಿತ್ತು. ಗುಜರಿಯಲ್ಲಿ ಸಿಕ್ಕ ಟೆಲಿಫೋನಿನ ಬಾಯಿ ಕಡೆಯ ತುಂಡು ಮೈಕಾಯಿತು. ಹೊಸ ಬ್ಯಾಟರಿ ಹಾಕಿ, ಹೆಡ್‌ಮಾಸ್ಟರಿಂದ ಕೀಲಿಕೈ ತಂದು, ಅತ್ತಿಗೆಯ ಮೇಜಿನ ಮೇಲೆ ಪೆಟ್ಟಿಗೆ ಇಟ್ಟೆ. ಮುಂಗಾರಿನ ಮುಂಚಿನ ಮಳೆ ಹೆಂಚಿನ ಮೇಲೆ ಹೊಡೆಯುತ್ತಿತ್ತು. ಒಳ್ಳೆಯದೇ ಆಯಿತು, ಶಾಲೆ ಶುರುವಾಗುವಾಗಲೂ ಅದೇ ಮಳೆ ತಾನೇ.

"ಹಿಂದೆ ಹೋಗಿ ಕೂತ್ಕೊ," ಎಂದರು ಅತ್ತಿಗೆ.

ಹೋಗಿ ಕೂತೆ. "ಏನಾದ್ರೂ ಹೇಳಿ ಅತ್ತಿಗೆ, ಕೇಳತ್ತಾ ನೋಡ್ತೀನಿ" ಎಂದೆ. ಅತ್ತಿಗೆ ತಲೆಯಾಡಿಸಿ ಎದ್ದು ಬಂದು ಒಂದು ಹಾಳೆ, ಪೆನ್ಸಿಲು ಕೊಟ್ಟರು. "ಕೇಳತ್ತಾ ಅಂತ ಕೇಳಿದ್ರೆ ನೀನು ಕೇಳತ್ತೆ ಅಂತೀಯ. ನಂಗೆ ಬೇಜಾರಾಗತ್ತೆ ಅಂತ ಎಲ್ರೂ ಹಂಗೇ ಅಂತಾರೆ. ಉಕ್ತಲೇಖನ ಬರಿ. ಹತ್ತು ಪದ."

ನೀವು ಮೂರನೇ ಕ್ಲಾಸಿನ ಬೆಂಚಿನಲ್ಲಿ ದೊಡ್ಡವರಾದ ಮೇಲೆ ಕೂತಿದ್ದೀರೋ ಇಲ್ಲವೋ. ಮೊಣಕಾಲು ಗಲ್ಲಕ್ಕೆ ಬರುತ್ತದೆ. ಟೆಸ್ಟರ್ ಸಿಕ್ಕಿಸಿಕೊಂಡ ರೇಡಿಯೋ ಮೆಕ್ಯಾನಿಕ್ಕು ಆ ಬೆಂಚಿನಲ್ಲಿ ಮುದುಡಿ ಕೂತು ಉಕ್ತಲೇಖನ ಬರೆದ. ಪೆಟ್ಟಿಗೆಯಿಂದ ದನಿ ಬಂತು, ದೊಡ್ಡದಾಗಿಯೇ ಬಂತು, ಆದರೆ ಹಂಡೆಯೊಳಗೆ ಬಾಯಿಟ್ಟು ಮಾತಾಡಿದಂತೆ. ಗುಂಯ್ ಎನ್ನುವ ಆ ದನಿಯೂ ಮಳೆಯ ಸದ್ದೂ ಕಲಸಿ ಒಂದೇ ಆಯಿತು. ಊಹಿಸಿ ಊಹಿಸಿ ಬರೆದೆ. ಅತ್ತಿಗೆ ಕೆಂಪು ಪೆನ್ಸಿಲಿನಿಂದ ತಿದ್ದಿ ಹತ್ತಕ್ಕೆ ಮೂರು ಹಾಕಿದರು. ಕೆಳಗೆ, ಅಭ್ಯಾಸಬಲ ನೋಡಿ, "ಅಕ್ಷರ ದುಂಡಗಿರಲಿ" ಎಂದೂ ಬರೆದರು.

ಪೆಟ್ಟಿಗೆ ಬಿಚ್ಚಿ ನೋಡಿದರೆ ತಪ್ಪು ಸಿಕ್ಕಿತು. ದನಿ ಹಿಗ್ಗಿಸುವ ಎರಡು ವಾಲ್ವುಗಳ ನಡುವೆ ಬಾಗಿಲು ಕಾಯಬೇಕಾದ ಕಾಗದದ ಕಂಡೆನ್ಸರು ನಮ್ಮ ಕಡೆಯ ಮಳೆಗಾಲಗಳ ತೇವ ಕುಡಿದು ಸೋರುತ್ತಿತ್ತು. ತಡೆಯಬೇಕಾದ್ದನ್ನೂ ಬಿಡುತ್ತಿತ್ತು. ಸಾಗರಕ್ಕೆ ಹೋಗಿ ಯಜಮಾನರನ್ನು ಕೇಳಿದೆ. "ಹೊಸದು ಹಾಕು. ಹಾಕೋದು ಹಾಕ್ತೀಯ, ದೊಡ್ಡದೇ ಹಾಕು, ದನಿ ತುಂಬಿ ಬರತ್ತೆ" ಎಂದರು. ಸಂಗೀತ ಕೇಳುವವರಿಗೆ ಅವರ ಮಾತು ಸರಿಯೇ. ನನ್ನ ತಲೆಯಲ್ಲೂ ದೊಡ್ಡದು ಎಂದರೆ ಒಳ್ಳೆಯದು ಎಂದೇ ಕೂತಿತ್ತು. ದನಿ ಕಳೆದುಕೊಂಡ ಅತ್ತಿಗೆಗೆ ತುಂಬಿದ ದನಿ ಕೊಡಿಸಬೇಕು, ಮೊದಲಿನಂಥದ್ದೇ ದನಿ, ಎಂಬ ಆಸೆಯೂ ಇತ್ತು. ಅದನ್ನು ಈಗ ಹೇಳಲು ನಾಚಿಕೆಯಿಲ್ಲ.

ಅಂಗಡಿಯಲ್ಲಿ ದೊಡ್ಡದಿರಲಿಲ್ಲ. ತೀರ್ಥಹಳ್ಳಿಯಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು ರೇಡಿಯೋ ಹುಚ್ಚಿನವರು, ಅವರ ಹತ್ತಿರ ಇರಬಹುದು ಎಂದು ಗೊತ್ತಾಯಿತು. ಬಸ್ಸು ಹಿಡಿದು ಹೋದೆ. ಮೇಷ್ಟ್ರು ಕಥೆ ಕೇಳಿ, ಪೆಟ್ಟಿಗೆಯಿಂದ ಬೆರಳುದ್ದದ ಮೂರು ಹೊಸ ಕಾಗದದ ಕಂಡೆನ್ಸರ್ ತೆಗೆದುಕೊಟ್ಟರು. ಮೇಲೆ ಹಳದಿ ಮೇಣದ ಲೇಪ, ನೋಡಿದರೆ ಕಚ್ಚಿ ತಿನ್ನಬೇಕೆನ್ನುವಷ್ಟು ಚೆಂದ. "ತೇವ ಒಂದು ತಾಗಿಸ್ಬೇಡಿ," ಎಂದರು. ಹೊರಟವನನ್ನು ಮತ್ತೆ ಕರೆದು ಒಂದು ಬೆಂಕಿಪೊಟ್ಟಣ ಕೈಗಿಟ್ಟರು. ಒಳಗೆ ಹುಣಸೆಬೀಜದಷ್ಟು ಕಂದು ಬಿಲ್ಲೆಗಳು. "ಇದು ಕಾಗೆಬಂಗಾರದ್ದು. ನೀರಲ್ಲಿ ಬಿದ್ರೂ ಜಗ್ಗಲ್ಲ. ಆದ್ರೆ ತೀರಾ ಚಿಕ್ಕದು. ಇಟ್ಕೊಳಿ, ಎಲ್ಲಾದ್ರೂ ಬೇಕಾಗತ್ತೆ."

ಶುಕ್ರವಾರ ಸಂಜೆ ಹೊಸನಗರಕ್ಕೆ ಬಂದೆ. ಸೋಮವಾರ ಶಾಲೆ. ಮಳೆ ಹಿಡಿದಿತ್ತು. ತೇವ ತಾಗಬಾರದು ಎಂದರೆ ನಮ್ಮ ಕಡೆಯವನು ಏನು ಮಾಡುತ್ತಾನೆ ಹೇಳಿ? ಉಪ್ಪು ಎಲ್ಲಿಡುತ್ತೇವೆ, ಬೆಂಕಿಪೊಟ್ಟಣ ಎಲ್ಲಿಡುತ್ತೇವೆ, ಬೀಜದ ಸೌತೆಕಾಯಿ, ಹಪ್ಪಳ, ಒಣಗದ ಲಂಗೋಟಿ ಎಲ್ಲಿಡುತ್ತೇವೆ? ಒಲೆಯ ಮೇಲೆ ತೂಗುಬಿಟ್ಟ ಬಿದಿರಿನ ತಟ್ಟಿಯ ಮೇಲೆ. ಮೂರು ಕಂಡೆನ್ಸರುಗಳನ್ನೂ ಅಲ್ಲೇ ಸಾಲಾಗಿ ಮಲಗಿಸಿ, ಒಳ್ಳೆಯ ಕೆಲಸ ಮಾಡಿದ ನೆಮ್ಮದಿಯಲ್ಲಿ ಉಂಡು ಮಲಗಿದೆ.

ಶನಿವಾರ ಅಣ್ಣನಿಗೆ ಬೆಳಗಿನ ಬಸ್ಸಿನ ಪಾಳಿ. ಅಮ್ಮ ಬೇಗ ಎದ್ದು ಒಲೆಗೆ ದಪ್ಪ ಸೌದೆಯ ಕುಂಟೆ ಹಾಕಿ ಅನ್ನ ಸಾರು ಮಾಡಿದ್ದಳು. ನಾನು ಮುಖ ತೊಳೆದು ಬರುವಾಗ ಅಮ್ಮ ಸಾರಿನ ಪಾತ್ರೆಯಲ್ಲಿ ಸೌಟು ಆಡಿಸುತ್ತ ನಿಂತಿದ್ದಳು. "ಇದೆಂಥದು ಮಾರಾಯ, ತುಪ್ಪ ಹಾಕ್ದೇ ಇದ್ರೂ ತುಪ್ಪ ತೇಲ್ತಿದೆ!" ನಾನು ತಲೆಯೆತ್ತಿ ನೋಡಿದೆ. ತಟ್ಟಿಯ ಸಂದಿನಿಂದ ಹಳದಿ ಮೇಣ ತೊಟ್ಟಿಕ್ಕುತ್ತಿತ್ತು. ಹೊರಗಿನ ಮೇಣವೂ ಕರಗಿತ್ತು, ಒಳಗೆ ಕಾಗದ ಕುಡಿದಿದ್ದ ಮೇಣವೂ ಕರಗಿತ್ತು. ಮೂರೂ ಕಂಡೆನ್ಸರುಗಳು ಮಸಿ ಹಿಡಿದು, ಸುರುಳಿ ಬಿಚ್ಚಿಕೊಂಡು ಬಿದ್ದಿದ್ದವು. ಅಣ್ಣ ಅಷ್ಟರಲ್ಲಿ ಎರಡು ಸಲ ಬಡಿಸಿಕೊಂಡಿದ್ದ. "ಇವತ್ತು ಸಾರು ರುಚಿ ಇತ್ತು" ಎಂದು ಬೇರೆ ಹೇಳಿ ಹೋದನಂತೆ.

ಮಾಡಿದ್ದುಣ್ಣೋ ಮಹಾರಾಯ. ಉಂಡದ್ದು ಅಣ್ಣ, ಮಾಡಿದ್ದು ನಾನು. ಆದರೆ ತಲೆ ತಗ್ಗಿಸಿ ನಿಂತಾಗ ನಗು ಬರಲಿಲ್ಲ. ಅತ್ತಿಗೆಯ ಕೆಲಸವನ್ನೇ ಒಲೆಗೆ ಹಾಕಿದೆನಲ್ಲ! "ಇವತ್ತೇ ತೀರ್ಥಹಳ್ಳಿಗೆ ಹೋಗ್ತೀನಿ ಅತ್ತಿಗೆ. ಭಾನುವಾರ ಬಸ್ಸಿಲ್ಲ, ಸೋಮವಾರ ಬಂದ್ಬಿಡ್ತೀನಿ" ಎಂದೆ.

"ನೀನು ಸೋಮವಾರ ಬಸ್ಸಿಳಿಯೋ ಹೊತ್ತಿಗೆ ಹೆಡ್‌ಮಾಸ್ಟ್ರು ಎದ್ದು ಹೋಗಿರ್ತಾರೆ," ಎಂದರು ಅತ್ತಿಗೆ. "ಆ ಬೆಂಕಿಪೊಟ್ಟಣದಲ್ಲಿ ಎಂಥ ಇದೆ?"

"ಅದು ಮೈಕಾ. ಚಿಕ್ಕದು. ಅದನ್ನ ಹಾಕಿದ್ರೆ ದನಿಯ ತೂಕವೇ ಹೋಗತ್ತೆ. ಸೊಳ್ಳೆ ಕೂಗಿದಂಗೆ ಬರತ್ತೆ."

"ಬರ್ಲಿ, ಹಾಕು."

"ಆಗಲ್ಲ ಅತ್ತಿಗೆ. ನಿಮ್ಗೆ ಇದು ಗೊತ್ತಾಗಲ್ಲ."

ಅತ್ತಿಗೆ ನನ್ನ ಹತ್ತಿರ ಬಂದು ನಿಂತರು. ಸಿಟ್ಟು ಬಂದಾಗ ಅವರು ಹತ್ತಿರ ಬರಬೇಕಾಗಿತ್ತು, ದೂರದಿಂದ ರೇಗುವ ಭಾಗ್ಯ ಅವರಿಗೆ ಉಳಿದಿರಲಿಲ್ಲ. "ಇಲ್ನೋಡು. ಜಡಿಮಳೇಲಿ ಗದ್ದೆಯಾಚೆ ಎಮ್ಮೆ ಕೂಗಿದ್ರೆ ಕೇಳತ್ತಾ? ಕೇಳಲ್ಲ. ಅದೇ ಮಳೇಲಿ ಜೀರುಂಡೆ ಕೂಗಿದ್ರೆ? ಬೇಡಾ ಅಂದ್ರೂ ಕೇಳತ್ತೆ. ಎಮ್ಮೆ ದೊಡ್ಡದೋ ಜೀರುಂಡೆ ದೊಡ್ಡದೋ? ನಂಗೆ ಎಮ್ಮೆ ದನಿ ಬೇಡ ಮಾರಾಯ. ಮಕ್ಳಿಗೆ ಕೇಳೋ ದನಿ ಬೇಕು."

ಯಜಮಾನರು ಹಾಗೆ ಹೇಳಿಲ್ಲ ಎಂದು ಗೊಣಗುತ್ತ ಕೆಂಡದಲ್ಲಿ ಬೆಸುಗೆಯ ಕೋಲು ಕಾಯಿಸಿದೆ. ಹಳೆಯ ಕಾಗದದ್ದನ್ನು ಕಿತ್ತು, ಹುಣಸೆಬೀಜದಂಥ ಮೈಕಾ ಒಂದನ್ನು ಕೂರಿಸಿದೆ. ಆಗದಿದ್ದರೆ ನನ್ನನ್ನು ಕೇಳಬೇಡಿ ಎನ್ನುವ ಮುಖ ಮಾಡಿಕೊಂಡೇ ಭಾನುವಾರ ಪೆಟ್ಟಿಗೆ ಹೊತ್ತು ಅತ್ತಿಗೆಯ ಹಿಂದೆ ಶಾಲೆಗೆ ನಡೆದೆ.

ಮಳೆ ಹೆಂಚು ಒಡೆದುಹೋಗುವ ಹಾಗೆ ಸುರಿಯುತ್ತಿತ್ತು. ನಾನು ಕೊನೆಯ ಬೆಂಚಿನಲ್ಲಿ ಮುದುಡಿ ಕೂತು ಅದೇ ಹಾಳೆಯ ಉಳಿದ ಜಾಗದಲ್ಲಿ ಒಂದರಿಂದ ಹತ್ತರವರೆಗೆ ಅಂಕಿ ಬರೆದುಕೊಂಡೆ. ಅತ್ತಿಗೆ ಮೈಕು ತುಟಿಗೆ ಹಿಡಿದರು. ಬಂದ ದನಿ ತೆಳ್ಳಗಿತ್ತು, ಒಣಗಿತ್ತು. ಅದರಲ್ಲಿ ಅತ್ತಿಗೆಯ ಹಳೆಯ ಗಂಟಲಿನ ಒಂದು ಎಳೆಯೂ ಇರಲಿಲ್ಲ. ಆದರೆ ಮಳೆಯ ನಡುವಿನಿಂದ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಬಂದು ನನ್ನ ಬೆಂಚು ಮುಟ್ಟಿತು. ಪಿಸುಮಾತಿಗೆ ತೂಕವೇ ಇಲ್ಲ, ಅದರ ಜೀವವೆಲ್ಲ ಚೂಪಿನಲ್ಲೇ ಇದೆ ಎಂದು ನನಗೆ ಹೊಳೆದದ್ದು ಆ ಬೆಂಚಿನ ಮೇಲೆ. ಹತ್ತಕ್ಕೆ ಎಂಟು ಬಂತು. ಹೋದ ಎರಡು ನನ್ನ ಕಾಗುಣಿತದ ಪಾಪ, ಕಂಡೆನ್ಸರಿನದಲ್ಲ.

ಸೋಮವಾರ ಹೆಡ್‌ಮಾಸ್ಟರು ಬಂದು, ನೀರು ಸೋರುವ ಕೊಡೆಯನ್ನು ಮೊಣಕಾಲ ನಡುವೆ ಇಟ್ಟುಕೊಂಡು, ಹಿಂದಿನ ಬೆಂಚಿನಲ್ಲಿ ಮಕ್ಕಳ ಪಕ್ಕ ಕೂತರು. ನಾನು ಬಾಗಿಲ ಬಳಿ ನಿಂತಿದ್ದೆ. ಪೆಟ್ಟಿಗೆಯಿಂದ ಜೀರುಂಡೆಯ ದನಿ ಬಂತು: "ಸ್ಲೇಟು ತೆಗೀರಿ. ಹೆಡ್‌ಮಾಸ್ಟ್ರೇ, ನೀವೂ ಒಂದು ಸ್ಲೇಟು ತಗೊಳಿ." ಮಕ್ಕಳು ಬೆರಗಾಗಿ ಹಿಂದೆ ತಿರುಗಿದರು. ಹೆಡ್‌ಮಾಸ್ಟರು ನಿಜಕ್ಕೂ ಪಕ್ಕದ ಹುಡುಗಿಯ ಸ್ಲೇಟು ಇಸಿದುಕೊಂಡು ಹತ್ತೂ ಪದ ಬರೆದರು. ಅತ್ತಿಗೆ ಹೋಗಿ ನೋಡಿ ಹತ್ತಕ್ಕೆ ಹತ್ತು ಹಾಕಿದರು. ಹೆಡ್‌ಮಾಸ್ಟರು ಸ್ಲೇಟನ್ನು ಅಂಗೈಯಿಂದ ಒರೆಸಿ ಹುಡುಗಿಗೆ ವಾಪಸು ಕೊಟ್ಟು, "ಕಾಗದ ಬೇಡಮ್ಮಾ, ಪಾಠ ಮುಂದುವರ್ಸಿ" ಎಂದರು. ಅತ್ತಿಗೆ ಸೆರಗಿನಿಂದ ಮುಖ ಒರೆಸಿಕೊಂಡರು. ಆ ತಿಂಗಳಲ್ಲಿ ಅವರು ಅತ್ತದ್ದು ಅದೊಂದೇ ಸಲ, ಅದೂ ಮಕ್ಕಳಿಗೆ ಬೆನ್ನು ತಿರುಗಿಸಿ.

ಇಲ್ಲಿಗೆ ನಿಲ್ಲಿಸಿದರೆ ಎಷ್ಟು ಚೆನ್ನಾಗಿರುತ್ತಿತ್ತು. ಹೆಡ್‌ಮಾಸ್ಟರು ಹೊರಗೆ ಬಂದು ನನ್ನ ಬೆನ್ನು ತಟ್ಟಿದರು. "ಹೇಗಯ್ಯಾ ಮಾಡ್ದೆ?" ನಾನು ಜೇಬಿನ ಟೆಸ್ಟರ್ ನೆಟ್ಟಗೆ ಮಾಡಿಕೊಂಡು ಹೇಳಿದೆ: "ಸರಿಯಾದ ಕಂಡೆನ್ಸರ್ ಆರಿಸ್ಬೇಕು ಸಾರ್. ಮಳೆ ಸದ್ದು ದಾಟಿ ಕೇಳ್ಲಿ ಅಂತ ಬೇಕಂತಲೇ ಚಿಕ್ಕದು ಹಾಕ್ದೆ." ಒಳಗಿದ್ದ ಅತ್ತಿಗೆಗೆ ಕೇಳಿತು. ನನ್ನನ್ನು ನೋಡಿ ದನಿಯಿಲ್ಲದೆ ನಕ್ಕರು. ತಿದ್ದಲಿಲ್ಲ.

ನನ್ನ ಮೂರ್ಖತನ ಅಲ್ಲಿಗೂ ಮುಗಿಯಲಿಲ್ಲ. ಬಾಯಲ್ಲಿ ಚಿಕ್ಕದನ್ನು ಹೊಗಳಿದರೂ ಮನಸ್ಸು ಒಪ್ಪಿರಲಿಲ್ಲ. ಒಂದು ತಿಂಗಳ ಮೇಲೆ ತೀರ್ಥಹಳ್ಳಿಯಿಂದ ಮತ್ತೊಂದು ದೊಡ್ಡ ಕಂಡೆನ್ಸರ್ ತಂದು, ಅತ್ತಿಗೆ ತವರಿಗೆ ಹೋಗಿದ್ದಾಗ ಕದ್ದು ಬದಲಾಯಿಸಿ ಸಾಗರಕ್ಕೆ ಬಂದುಬಿಟ್ಟೆ. ಎರಡೇ ದಿನಕ್ಕೆ ಅಣ್ಣ ಬಸ್ಸಿನಲ್ಲಿ ಪೆಟ್ಟಿಗೆ ಹೊತ್ತು ತಂದು ಅಂಗಡಿಯ ಮುಂದೆ ಇಳಿಸಿದ. ಜೊತೆಗೆ ಒಂದು ಮಡಿಸಿದ ಹಾಳೆ. ಬಿಚ್ಚಿದರೆ ನನ್ನದೇ ಉಕ್ತಲೇಖನ, ಹತ್ತಕ್ಕೆ ಮೂರು, ಹತ್ತಕ್ಕೆ ಎಂಟು. ಹಿಂಬದಿಯಲ್ಲಿ ಕೆಂಪು ಪೆನ್ಸಿಲಿನ ದುಂಡು ಅಕ್ಷರ: "ನಾನು ಹಾಕು ಎಂದ ಚಿಕ್ಕದನ್ನೇ ಇಡು. ದೊಡ್ಡದು ತರಬೇಡ."

ಅಂದು ಹಾಕಿಕೊಟ್ಟ ಮೈಕಾ ಅತ್ತಿಗೆ ನಿವೃತ್ತರಾಗುವವರೆಗೂ ಬಾಗಿಲು ಕಾಯಿತು. ಬ್ಯಾಟರಿ ಬದಲಾಯಿತು, ವಾಲ್ವು ಬದಲಾಯಿತು, ಕೊನೆಗೆ ಪೆಟ್ಟಿಗೆಗೇ ಗೆದ್ದಲು ಹಿಡಿಯಿತು, ಮೈಕಾ ಜಗ್ಗಲಿಲ್ಲ. ನಾನೂ ಜಗ್ಗಲಿಲ್ಲ. ಅಂಗಡಿಗೆ ಬಂದವರಿಗೆ, ಮದುವೆ ಮನೆಯಲ್ಲಿ ಸಿಕ್ಕವರಿಗೆ, ಅತ್ತಿಗೆಯ ಮಕ್ಕಳಿಗೆ, ಮೊಮ್ಮಕ್ಕಳಿಗೆ ಅದೇ ಸುಳ್ಳು ಹೇಳಿದೆ. ಒಲೆಯ ಮೇಲಿಟ್ಟ ಮೂರು ಕಂಡೆನ್ಸರಿನ ಮಾತು ಎಲ್ಲೂ ಬರಲಿಲ್ಲ. ಅತ್ತಿಗೆ ಹೋಗಿ ಈಗ ಒಂಬತ್ತು ವರ್ಷ. ಅವರ ಹದಿಮೂರನೆಯ ದಿನದಂದೂ ಊಟದ ಪಂಕ್ತಿಯಲ್ಲಿ ಯಾರೋ ಕೇಳಿದರು, ಅಂದೂ ಅದನ್ನೇ ಹೇಳಿದೆ.

ಭಾನುವಾರ ಆ ಡಬ್ಬಿಯನ್ನು ಮೇಜಿನ ಮೇಲೆ ತಂದಿಟ್ಟೆ. ಮೇಲೆ ಮಸಿ ಹಿಡಿದ ಮೂರು ಸುರುಳಿಗಳು, ಕೆಳಗೆ ಆ ಹಾಳೆ. ಸುರುಳಿಗಳ ಕಥೆಯನ್ನು ಮಾನಸಳಿಗೆ ಒಂದೂ ಬಿಡದೆ ಹೇಳಿದೆ. ಹಾಳೆಯನ್ನು ಬಿಡಿಸಿ ಮುಂದಿಟ್ಟೆ. ಅವಳು ಓದಿದಳು, ತಿರುಗಿಸಿದಳು, ಹಿಂಬದಿಯನ್ನೂ ಓದಿದಳು.

"ಅಂದ್ರೆ ಆರಿಸಿದ್ದು ಅಜ್ಜಿನಾ?"

"ಹೌದು. ನಾನು ಬೇಡ ಬೇಡ ಅಂದಿದ್ದೆ."

ಬೈಯುತ್ತಾಳೆ ಎಂದುಕೊಂಡೆ. ಅವಳು ಬೆರಳ ತುದಿಯಿಂದ ಆ ಕೆಂಪು ಅಕ್ಷರಗಳನ್ನು ಮೆಲ್ಲಗೆ ಸವರಿದಳು. ಅವಳಿಗೆ ಅಜ್ಜಿಯ ದನಿ ಗೊತ್ತಿದ್ದದ್ದೇ ಪಿಸುಮಾತಾಗಿ. ಆಮೇಲೆ ಕೇಳಿದಳು: "ಈಗ ಇಲ್ಲಿಗೆ ಯಾವ್ದು ಹಾಕ್ಲಿ?"

"ನಂಗೆ ಗೊತ್ತಿಲ್ಲ" ಎಂದೆ. ಆ ಮಾತು ನನ್ನ ಬಾಯಿಂದ ಅಷ್ಟು ಸಲೀಸಾಗಿ ಬಂದದ್ದು ನನಗೇ ಸೋಜಿಗವಾಯಿತು. "ಇರೋದನ್ನೆಲ್ಲ ಒಂದೊಂದಾಗಿ ಹಾಕು. ಯಾವ್ದು ಹಾಕ್ದೆ ಅಂತ ನಂಗೆ ಹೇಳ್ಬೇಡ. ನೀನು ಬಾರ್ಸು, ನನ್ನ ಕಿವಿಗೆ ಹೇಗೆ ಕೇಳ್ತು ಅಂತ ನಾನು ಬರೀತೀನಿ."

ಕುರ್ಚಿಯನ್ನು ಎಳೆದುಕೊಂಡು ಹೋಗಿ ಕೋಣೆಯ ದೂರದ ಮೂಲೆಯಲ್ಲಿ ಹಾಕಿ, ಬಿಳಿ ಹಾಳೆಯೊಂದನ್ನು ತೊಡೆಯ ಮೇಲಿಟ್ಟು ಒಂದರಿಂದ ಹತ್ತರವರೆಗೆ ಅಂಕಿ ಬರೆದೆ. ಮಾನಸ ಗಿಟಾರು ಹೆಗಲಿಗೆ ಹಾಕಿಕೊಂಡು, ಮೇಜಿನ ಮೇಲಿದ್ದ ಕೆಂಪು ಪೆನ್ನನ್ನು ತನ್ನ ಕಿವಿಯ ಮೇಲೆ ಸಿಕ್ಕಿಸಿಕೊಂಡಳು.

"ಚಿಕ್ಕಜ್ಜ," ಎಂದಳು, "ಈ ಸಲ ಕೇಳಿದ್ದಷ್ಟೇ ಬರೀರಿ."